ಉದ್ದನೆಯ ಇಂಗ್ಲಿಷ್ ಪದಗಳನ್ನು ಬಿಡಿಸುವುದು, ಒತ್ತು ಹಾಕುವುದು: ಬಾಲದಿಂದ ಶುರುಮಾಡುವ ಸಮಗ್ರ ಮಾರ್ಗದರ್ಶಿ

ಡಿಟರ್‌ಮೈನ್, ಡೆವಲಪ್‌ಮೆಂಟ್, ಸರ್ಟಿಫಿಕೇಟ್. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಪದಗಳು. ಕಾನ್ಫರೆನ್ಸ್ ಕಾಲ್‌ನಲ್ಲಿ ಲಂಡನ್ನಿನವರ ಮುಂದೆ ಇವನ್ನೇ ಹೇಳಿದಾಗ ಆ ಕಡೆಯಿಂದ "ಸಾರಿ?" ಎಂದು ಬಂತೆನ್ನಿ. ನಾವು ಮಾಡುವ ಮೊದಲ ಕೆಲಸವೆಂದರೆ ಇನ್ನಷ್ಟು ಜೋರಾಗಿ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಹೇಳುವುದು. ಗೊಂದಲ ಇನ್ನೂ ಹೆಚ್ಚುತ್ತದೆ. ಇಂಗ್ಲಿಷ್ ಆಡುತ್ತಾ ಬೆಳೆದವರ ಕಿವಿ ಉದ್ದ ಪದ ಕೇಳುವಾಗ ಒತ್ತು (ಸ್ಟ್ರೆಸ್) ಎಲ್ಲಿ ಬಿತ್ತು ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡು, ಅದರ ಆಧಾರದ ಮೇಲೆ ಪದ ಯಾವುದೆಂದು ಗುರುತಿಸುತ್ತದೆ. ಒತ್ತು ತಪ್ಪಿದ ಜಾಗದಲ್ಲಿ ಬಿದ್ದರೆ, ಉಳಿದ ಅಕ್ಷರಗಳನ್ನೆಲ್ಲ ನಾವು ಎಷ್ಟೇ ಸ್ಪಷ್ಟವಾಗಿ ಹೇಳಿದರೂ ಅವು ಬೇರೆ ಯಾವುದೋ ಪದದ ಚೂರುಗಳಂತೆ ಕೇಳಿಸುತ್ತವೆ.

ಒತ್ತನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ ಎನ್ನುವ ಮೇಷ್ಟ್ರುಗಳಿದ್ದಾರೆ. ಎರಡು ಸಿಲಬಲ್‌ನ (ಒಂದೊಂದು ಸ್ವರದ ಸದ್ದಿಗೆ ಒಂದೊಂದು ಸಿಲಬಲ್) ಚಿಕ್ಕ ಪದಗಳ ಮಟ್ಟಿಗೆ ಅವರ ಮಾತು ಹೆಚ್ಚುಕಡಿಮೆ ಸರಿ. ಉದ್ದ ಪದಗಳ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಪದ ಉದ್ದವಾದಷ್ಟೂ ಒತ್ತಿನ ಜಾಗ ಊಹಿಸುವುದು ಸುಲಭವಾಗುತ್ತದೆ, ಆದರೆ ಪದವನ್ನು ಹಿಂದಿನಿಂದ ನೋಡಬೇಕು. ಬಾಲದಲ್ಲಿ ಗುರುತು ಸಿಗದೆ ಹೋದರೆ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಹಾಕಿಸಿದ ಲಘು-ಗುರು ಪ್ರಸ್ತಾರ ಕೈಗೆ ಬರುತ್ತದೆ. ಅದನ್ನು ಕಲಿತದ್ದು ಪರೀಕ್ಷೆಯ ಮೂರು ಅಂಕಕ್ಕೆ ಮಾತ್ರ ಎಂದುಕೊಂಡವರಿಗೆ ಮುಂದೆ ಒಂದು ಲಾಭ ಕಾದಿದೆ.

ಮೊದಲು ಗುರುತುಗಳು. ಒತ್ತು ಬೀಳುವ ಸಿಲಬಲ್‌ನ ಮುಂದೆ ಮೇಲ್ಗಡೆ ಒಂದು ಸಣ್ಣ ಗೆರೆ ಹಾಕುತ್ತೇನೆ: ಡಿ-ˈಟರ್-ಮಿನ್. ನಿಘಂಟುಗಳೂ ಹೀಗೇ ಹಾಕುತ್ತವೆ. ಗೆರೆ ಇರುವುದು ಸಿಲಬಲ್‌ಗೆ ಮುಂಚೆ ಎಂಬುದನ್ನು ನೆನಪಿಡಿ. ಬಹಳ ಜನ ಗೆರೆಗೆ ಹಿಂದಿನದನ್ನು ಒತ್ತಿ ಹೇಳುತ್ತಾರೆ. ಕೆಳಗಡೆ ಬರುವ ಗೆರೆ (ˌ) ಎರಡನೇ ದರ್ಜೆಯ ಒತ್ತು. ಒತ್ತು ಎಂದಾಗಲೆಲ್ಲ ಸ್ಟ್ರೆಸ್ ಎಂದೇ ಅರ್ಥ, ಒತ್ತಕ್ಷರವಲ್ಲ.

ಹೆಜ್ಜೆ 1: ಸ್ಪೆಲಿಂಗ್ ಮುಚ್ಚಿಟ್ಟು ಎಣಿಸಿ

ಸಿಲಬಲ್ ಎಣಿಸುವುದೆಂದರೆ ಸ್ವರದ ಸದ್ದು ಎಣಿಸುವುದು. ಕಾಗದದ ಮೇಲಿನ ಅಕ್ಷರ ನಂಬಬೇಡಿ. ಏರಿಯಾ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ಸಿಲಬಲ್ ಮೂರು. ಸ್ಟ್ರೆಂಗ್ತ್ಸ್ ಎಂಬ ಬಹುವಚನಕ್ಕೆ ಒಂಬತ್ತು ಅಕ್ಷರ, ಸಿಲಬಲ್ ಒಂದೇ. ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಪದ ಹೇಳಿ. ಗದ್ದ ಎಷ್ಟು ಸಲ ಕೆಳಗಿಳಿಯಿತೋ ಹೆಚ್ಚುಕಡಿಮೆ ಅಷ್ಟು ಸಿಲಬಲ್.

ಇಲ್ಲಿ ಕನ್ನಡಿಗರಿಗೆ ಎರಡು ಕಡೆ ಲೆಕ್ಕ ತಪ್ಪುತ್ತದೆ. ಒಂದು, ಪದದ ಕೊನೆಗೆ ಉಕಾರ ಸೇರಿಸುವುದು. ನಮ್ಮ ಮಾತು ಸ್ವರದಲ್ಲಿ ಮುಗಿಯಬೇಕು, ಹಾಗಾಗಿ ಬಸ್ಸು, ಕಾರು, ಪೆನ್ನು. ಕನ್ನಡ ವಾಕ್ಯದೊಳಗೆ ಅದೇ ಸರಿ, ಅಲ್ಲಿ ಬಸ್ ಎಂದು ನಾಲಿಗೆ ಕಚ್ಚಿ ಹೇಳುವುದೇ ತಮಾಷೆ. ಇಂಗ್ಲಿಷ್ ವಾಕ್ಯದಲ್ಲಿ ಡಿಪಾರ್ಟ್‌ಮೆಂಟು ಎಂದರೆ ಮೂರಿದ್ದದ್ದು ನಾಲ್ಕಾಗುತ್ತದೆ, ಬಾಲದಿಂದ ಎಣಿಸುವ ಲೆಕ್ಕವೆಲ್ಲ ಕೆಡುತ್ತದೆ. ಇನ್ನೊಂದು, ಇಂಗ್ಲಿಷಿನವರು ನುಂಗಿಬಿಟ್ಟ ಸ್ವರವನ್ನು ನಾವು ಸ್ಪೆಲಿಂಗ್ ನೋಡಿ ಎತ್ತಿ ಹಿಡಿಯುವುದು. ಕಂಫರ್ಟೇಬಲ್ ಎಂದು ನಾಲ್ಕು ಮಾಡುತ್ತೇವೆ, ಅವರದ್ದು ˈಕಂಫ್-ಟ-ಬಲ್, ಮೂರೇ. ವೆಜಿಟೇಬಲ್ ಅವರಿಗೆ ˈವೆಜ್-ಟ-ಬಲ್. ಟೆಂಪರೇಚರ್ ˈಟೆಂ-ಪ್ರ-ಚರ್. ಹಾಗೆಂದು ನುಂಗುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಕೆಲಸ ಎಂದು ಬರೆದು ಕೆಲ್ಸ ಎನ್ನುತ್ತೇವೆ, ಹೆಸರು ಎಂದು ಬರೆದು ಹೆಸ್ರು ಎನ್ನುತ್ತೇವೆ, ಮಾಡುತ್ತಾನೆ ಎಂದು ಬರೆದು ಮಾಡ್ತಾನೆ ಎನ್ನುತ್ತೇವೆ. ಚಾಕ್ಲೇಟು ಎನ್ನುವಾಗ ನಡುವಿನ ಸ್ವರವನ್ನು ನಾವೇ ಹಾರಿಸಿದ್ದೇವೆ.

ಹೆಜ್ಜೆ 2: ಕತ್ತರಿಸಿ, ಆದರೆ ತಲೆ ಕೆಡಿಸಿಕೊಳ್ಳಬೇಡಿ

ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಮುಂದಿನ ಸಿಲಬಲ್‌ಗೆ ಕೊಡಿ. ಎರಡು-ಮೂರು ಇದ್ದರೆ, ಇಂಗ್ಲಿಷ್ ಪದವೊಂದು ಶುರುವಾಗಬಹುದಾದಷ್ಟನ್ನು ಮುಂದಕ್ಕೆ ಕೊಟ್ಟು ಉಳಿದದ್ದನ್ನು ಹಿಂದೆ ಬಿಡಿ. ಟ್ರ ಎಂದು ಪದ ಶುರುವಾಗುತ್ತದೆ, ಹಾಗಾಗಿ ಕಂಟ್ರಿ ಎಂಬುದು ಕನ್-ಟ್ರಿ. ನ್ಡ ಎಂದು ಶುರುವಾಗದು, ಹಾಗಾಗಿ ಅಜೆಂಡಾ ಎಂಬುದು ಅ-ಜೆನ್-ಡ. ಕತ್ತಿ ನಿಖರವಾಗಿ ಎಲ್ಲಿ ಬೀಳಬೇಕೆಂಬುದರ ಬಗ್ಗೆ ನಿಘಂಟುಗಳಲ್ಲೇ ಒಮ್ಮತವಿಲ್ಲ. ಒತ್ತು ಹುಡುಕಲು ನಮಗೆ ಬೇಕಾದದ್ದು ಸಿಲಬಲ್‌ಗಳ ಸಂಖ್ಯೆ ಮತ್ತು ತೂಕ. ಇಷ್ಟು ಸಾಕು, ಮುಂದೆ ಹೋಗೋಣ.

ಹೆಜ್ಜೆ 3: ಬಾಲ ನೋಡಿ

ಉದ್ದ ಪದ ಕಂಡ ಕೂಡಲೇ ಕಣ್ಣು ಕೊನೆಗೆ ಹೋಗಬೇಕು. ಇಂಗ್ಲಿಷಿನ ಬಾಲಗಳು, ಅಂದರೆ ಪ್ರತ್ಯಯಗಳು, ಸ್ವಭಾವದಲ್ಲಿ ಬೇರೆಬೇರೆ.

ಕೆಲವು ಬಾಲಗಳು ಒತ್ತನ್ನು ತಮ್ಮ ಬೆನ್ನಿಗೇ ಎಳೆದುಕೊಳ್ಳುತ್ತವೆ. -ಷನ್ ಎಂದು ಮುಗಿಯುವ ಎಲ್ಲವೂ (ಸ್ಪೆಲಿಂಗ್ ಯಾವುದೇ ಇರಲಿ), -ಷಲ್, -ಷಸ್, ಮತ್ತು -ಇಕ್. ಇವುಗಳ ಹಿಂದಿನ ಸಿಲಬಲ್‌ಗೆ ಒತ್ತು: ಎ-ಜು-ˈಕೇ-ಷನ್, ಕ-ಮ್ಯೂ-ನಿ-ˈಕೇ-ಷನ್, ಅ-ˈಫಿ-ಷಲ್, ಆ್ಯಮ್-ˈಬಿ-ಷಸ್, ಸೈ-ಅನ್-ˈಟಿ-ಫಿಕ್, ಈ-ಕ-ˈನಾ-ಮಿಕ್. ನಂಬಿಕಸ್ಥ ಗುಂಪು. ತಪ್ಪಿಸಿಕೊಂಡವು ಬೆರಳೆಣಿಕೆಯಷ್ಟು: ˈಪಾಲಿಟಿಕ್ಸ್, ˈಅರಬಿಕ್, ˈಕ್ಯಾಥಲಿಕ್, ಗಣಿತದ ಅ-ˈರಿತ್-ಮ-ಟಿಕ್. -ಷನ್‌ನ ಅಣ್ಣನಂತಿರುವ -ಝನ್ ಕೂಡ ಇದೇ ದಾರಿ ಹಿಡಿಯುತ್ತದೆ (ಡಿ-ˈಸಿ-ಝನ್), ˈಟೆಲಿವಿಝನ್ ಮಾತ್ರ ಮೊದಲಲ್ಲೇ ಒತ್ತು ಇಟ್ಟುಕೊಂಡಿದೆ.

ಇನ್ನು ಕೆಲವು, ಕೊನೆಯಿಂದ ಮೂರನೆಯ ಸಿಲಬಲ್‌ಗೆ ಒತ್ತು ಕೊಡಿಸುತ್ತವೆ. -ಇಟಿ, -ಇಕಲ್, -ಆಲಜಿ, -ಆಗ್ರಫಿ, -ಆಕ್ರಸಿ, -ಆನಮಿ: ಯೂ-ನಿ-ˈವರ್-ಸ-ಟಿ, ಪ-ˈಲಿ-ಟಿ-ಕಲ್, ಬೈ-ˈಆ-ಲ-ಜಿ, ಫ-ˈಟಾ-ಗ್ರ-ಫಿ, ಡಿ-ˈಮಾ-ಕ್ರ-ಸಿ, ಇ-ˈಕಾ-ನ-ಮಿ. ಮೂರು ಅಥವಾ ಹೆಚ್ಚು ಸಿಲಬಲ್ ಇದ್ದು -ಏಟ್ ಎಂದು ಮುಗಿಯುವ ಕ್ರಿಯಾಪದಗಳೂ ಇಲ್ಲೇ: ˈಸೆ-ಲ-ಬ್ರೇಟ್, ಕ-ˈಮ್ಯೂ-ನಿ-ಕೇಟ್, ಪರ್-ˈಟಿ-ಸಿ-ಪೇಟ್. ಅದೇ ಪದ ನಾಮಪದವಾಗಿ ಬಂದರೆ ಒತ್ತು ಕದಲದು, ಆದರೆ ಕೊನೆಯ ಏಟ್ ಸೊರಗಿ ಅಟ್ ಆಗುತ್ತದೆ. ಡಿಗ್ರಿ ಪಡೆದ ವ್ಯಕ್ತಿ ˈಗ್ರ್ಯಾ-ಜು-ಅಟ್, ಡಿಗ್ರಿ ಪಡೆಯುವ ಕ್ರಿಯೆ ˈಗ್ರ್ಯಾ-ಜು-ಏಟ್. ಕಂಟ್ರಾಕ್ಟರ್ ಕೊಡುವ ಎಸ್ಟಿಮೇಟ್ ಕೂಡ ನಿಜವಾಗಿ ˈಎಸ್-ಟಿ-ಮಟ್. ಗೋಡೆಗೆ ನೇತುಹಾಕುವ ಸರ್ಟಿಫಿಕೇಟ್ ಸರ್-ˈಟಿ-ಫಿ-ಕಟ್.

ಮೂರನೇ ಗುಂಪು ಸ್ವಾರ್ಥಿ, ಒತ್ತು ತನಗೇ ಬೇಕು: ಎನ್-ಜಿ-ˈನಿಯರ್, ಎಂಪ್ಲಾಯ್-ˈಈ, ಜ್ಯಾ-ಪ-ˈನೀಸ್. ಇಂಜಿನಿಯರ್‌ಗಳೇ ತುಂಬಿರುವ ಬೆಂಗಳೂರಿನಲ್ಲಿ ಈ ಪದಕ್ಕೆ ಮೊದಲಲ್ಲಿ ಒತ್ತು ಹಾಕುವವರೇ ಜಾಸ್ತಿ. ಕ-ˈಮಿ-ಟಿ ಈ ಗುಂಪಿನ ವೇಷ ಹಾಕಿಕೊಂಡಿದ್ದರೂ ಗುಂಪಿಗೆ ಸೇರಿದ್ದಲ್ಲ.

ಕೊನೆಯವು ಒತ್ತಿನ ಗೊಡವೆಗೇ ಹೋಗದವು: -ಮೆಂಟ್, -ನೆಸ್, -ಫುಲ್, -ಲೆಸ್, -ಲಿ, -ಇಂಗ್, -ಶಿಪ್. ಇವನ್ನು ಕಿತ್ತು ಬದಿಗಿಟ್ಟು ಮೂಲಪದದ ಒತ್ತು ನೋಡಿದರೆ ಆಯಿತು. ಡಿ-ˈವೆ-ಲಪ್ ಎಂಬುದಕ್ಕೆ ಮೆಂಟ್ ಅಂಟಿದರೂ ಡಿ-ˈವೆ-ಲಪ್-ಮಂಟ್. -ಏಬಲ್ ಬಹುಪಾಲು ಈ ಗುಂಪಿನದೇ, ಆಗಾಗ ಕೈ ಕೊಡುತ್ತದೆ: ಪ್ರಿ-ˈಫರ್ ಇದ್ದದ್ದು ˈಪ್ರೆ-ಫ್ರ-ಬಲ್ ಆಗುತ್ತದೆ, ಕಂ-ˈಪೇರ್ ಇದ್ದದ್ದು ˈಕಾಂ-ಪ್ರ-ಬಲ್.

ಒಂದಕ್ಕಿಂತ ಹೆಚ್ಚು ಬಾಲ ಅಂಟಿದ್ದರೆ? ಕೊನೆಯ ಬಾಲದ ಮಾತೇ ನಡೆಯುತ್ತದೆ, ಅದು ಗೊಡವೆಯಿಲ್ಲದ ಗುಂಪಿನದ್ದಲ್ಲದಿದ್ದರೆ. ಒಂದು ಕುಟುಂಬವನ್ನೇ ಹತ್ತಿರದಿಂದ ನೋಡಿ. ˈಪಾ-ಲ-ಟಿಕ್ಸ್. ಅದಕ್ಕೆ -ಇಕಲ್ ಬಂತು, ಒತ್ತು ಒಂದು ಮನೆ ಮುಂದಕ್ಕೆ ಹೋಯಿತು: ಪ-ˈಲಿ-ಟಿ-ಕಲ್. -ಷನ್ ಬಂತು, ಇನ್ನೊಂದು ಮನೆ: ಪಾ-ಲ-ˈಟಿ-ಷನ್. ಕದಲಿದ್ದು ಒತ್ತೊಂದೇ ಅಲ್ಲ. ಮೊದಲ ಪದದಲ್ಲಿ ಬಾಯಿ ತೆರೆದು ಹೇಳಿದ ಪಾ, ಎರಡನೆಯದರಲ್ಲಿ ಒತ್ತು ಕಳೆದುಕೊಂಡ ಕೂಡಲೇ ಬರೀ ಪ ಆಯಿತು. ಮೊದಲ ಪದದಲ್ಲಿ ಲ ಆಗಿ ಮುದುರಿಕೊಂಡಿದ್ದದ್ದು ಒತ್ತು ಸಿಕ್ಕೊಡನೆ ಲಿ ಆಗಿ ಎದ್ದಿತು. ಸ್ಪೆಲಿಂಗ್ ಮಾತ್ರ ಮೂರರಲ್ಲೂ ಒಂದೇ. ನಾವು ಮೂರಕ್ಕೂ ಪಾಲಿಟಿ ಎಂದೇ ಶುರುಮಾಡಿ ಬಾಲ ಬದಲಿಸುತ್ತೇವೆ, ಗಲಿಬಿಲಿ ಹುಟ್ಟುವುದೇ ಅಲ್ಲಿ.

ಹೆಜ್ಜೆ 4: ಬಾಲವಿಲ್ಲದಿದ್ದರೆ ಪ್ರಸ್ತಾರ ಹಾಕಿ

ಅಜೆಂಡಾ, ಸಿನಿಮಾ, ಡಿಪ್ಲೊಮಾ, ಹಾಸ್ಪಿಟಲ್. ಇವುಗಳಲ್ಲಿ ಮೇಲಿನ ಯಾವ ಬಾಲವೂ ಇಲ್ಲ. ಇಲ್ಲಿ ಲಘು-ಗುರು ಬಳಸಿ.

ನೆನಪಿಗೆ: ದೀರ್ಘಸ್ವರ ಗುರು, ಅನುಸ್ವಾರ ಅಥವಾ ವಿಸರ್ಗವಿದ್ದರೆ ಗುರು, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಉಳಿದದ್ದು ಲಘು. ಇಂಗ್ಲಿಷಿಗೆ ಅಳವಡಿಸಿದರೆ, ದೀರ್ಘ ಅಥವಾ ಜೋಡಿಸ್ವರವಿರುವ ಸಿಲಬಲ್, ಇಲ್ಲವೇ ವ್ಯಂಜನದಿಂದ ಮುಚ್ಚಿದ ಸಿಲಬಲ್ ಗುರು. ಕೊನೆಯ ಸಿಲಬಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರ ಹಿಂದಿನದು ಗುರುವಾಗಿದ್ದರೆ ಒತ್ತು ಅಲ್ಲೇ. ಲಘುವಾಗಿದ್ದರೆ ಒತ್ತು ಇನ್ನೊಂದು ಹೆಜ್ಜೆ ಹಿಂದಕ್ಕೆ.

ಅ-ˈಜೆನ್-ಡ: ಜೆನ್ ಗುರು, ಒತ್ತು ಅಲ್ಲೇ. ಡಿ-ˈಪ್ಲೋ-ಮ: ಪ್ಲೋ ದೀರ್ಘ, ಒತ್ತು ಅಲ್ಲೇ. ಮೆ-ಮ-ˈರ್ಯಾನ್-ಡಮ್, ರೆ-ಫ-ˈರೆನ್-ಡಮ್, ಪ-ˈಟೇ-ಟೋ, ಎಲ್ಲವೂ ಅದೇ ಜಾತಿ. ˈಸಿ-ನ-ಮ: ನ ಲಘು, ಒತ್ತು ಹಿಂದೆ ಸರಿಯಿತು. ˈಕ್ಯಾ-ಮ-ರ, ˈಹಾಸ್-ಪಿ-ಟಲ್, ಅ-ˈಮೆ-ರಿ-ಕ ಹಾಗೆಯೇ. ಮೃಗಾಲಯದ ಫಲಕದ ಮುಂದೆ ಮಕ್ಕಳು ತಡವರಿಸುವ ಹಿಪ್ಪೊಪೊಟಮಸ್ ಈಗ ಹೆದರಿಸುವುದಿಲ್ಲ: ಟ ಲಘು, ಆದ್ದರಿಂದ ಹಿ-ಪ-ˈಪಾ-ಟ-ಮಸ್. ಘೇಂಡಾಮೃಗ ರೈ-ˈನಾ-ಸ-ರಸ್. ಅಮೆರಿಕದಲ್ಲಿರುವ ಕನ್ನಡಿಗರಿಗೆ ಊರಿನ ಹೆಸರುಗಳಲ್ಲೂ ಇದು ಕೆಲಸ ಮಾಡುತ್ತದೆ. ಮಿ-ನ-ˈಸೋ-ಟ ರಾಜ್ಯದಲ್ಲಿ ಸೋ ಗುರು, ಒತ್ತು ಅಲ್ಲಿ. ಅದೇ ರಾಜ್ಯದ ದೊಡ್ಡ ಊರು ಮಿ-ನಿ-ˈಆ್ಯ-ಪ-ಲಿಸ್, ಪ ಲಘು, ಒತ್ತು ಒಂದು ಹಿಂದೆ.

ಇದು ಕಾಕತಾಳೀಯವೇನಲ್ಲ. ಈ ಪದಗಳಲ್ಲಿ ಬಹಳಷ್ಟು ಲ್ಯಾಟಿನ್, ಗ್ರೀಕ್ ಮೂಲದವು. ಲ್ಯಾಟಿನ್ ಭಾಷೆಯ ಒತ್ತು ನಿಂತಿದ್ದೇ ಕೊನೆಯಿಂದ ಎರಡನೆಯ ಸಿಲಬಲ್‌ನ ತೂಕದ ಮೇಲೆ. ಇಂಗ್ಲಿಷ್ ಪದದ ಜೊತೆಗೆ ಆ ಪದ್ಧತಿಯನ್ನೂ ಎರವಲು ತಂದುಕೊಂಡಿದೆ.

ಎರಡು ಎಚ್ಚರಿಕೆಗಳು. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದೇ ವ್ಯಂಜನ ಎರಡು ಸಲ ಬಂದರೆ ಅದು ನಮ್ಮ ದ್ವಿತ್ವವಲ್ಲ. ಕಮಿಟಿಗೆ ಎರಡು ಎಮ್, ಎರಡು ಟಿ ಇದ್ದರೂ ಸದ್ದು ಒಂದೊಂದೇ, ಗುರು ಆಗುವುದಿಲ್ಲ. ಇನ್ನು, ನಮ್ಮ ಕಿವಿ ಗುರು ಕಂಡಲ್ಲೆಲ್ಲ ಒತ್ತು ಇಡಲು ತಯಾರಾಗಿರುತ್ತದೆ, ಇಂಗ್ಲಿಷ್ ಕೆಲವೊಮ್ಮೆ ಕೈ ಎತ್ತಿಬಿಡುತ್ತದೆ. ಸಿಲಿಂಡರ್, ಕ್ಯಾಲೆಂಡರ್, ಮಿನಿಸ್ಟರ್, ಇಂಡಸ್ಟ್ರಿ: ನಾಲ್ಕರಲ್ಲೂ ನಡುವಿನ ಸಿಲಬಲ್ ಗುರು, ನಿಯಮದ ಪ್ರಕಾರ ಒತ್ತು ಅಲ್ಲಿರಬೇಕು. ಇರುವುದು ಮೊದಲಲ್ಲಿ: ˈಸಿಲಿಂಡರ್, ˈಕ್ಯಾಲಂಡರ್, ˈಮಿನಿಸ್ಟರ್, ˈಇಂಡಸ್ಟ್ರಿ. ಸಿ-ಲಿಂ-ಡರ್ ಎಂದು ನಡುವೆ ಭಾರ ಹಾಕುವ ಕನ್ನಡಿಗರು ನಿಯಮಕ್ಕೆ ಇಂಗ್ಲಿಷಿನವರಿಗಿಂತ ಹೆಚ್ಚು ನಿಷ್ಠರು. ಈ ನಾಲ್ಕನ್ನು ಬಾಯಿಪಾಠ ಮಾಡಿಬಿಡಿ.

ಹೆಜ್ಜೆ 5: ಎರಡನೇ ದರ್ಜೆಯ ಒತ್ತು

ಮುಖ್ಯ ಒತ್ತು ಮೂರನೇ ಸಿಲಬಲ್ ಅಥವಾ ಅದಕ್ಕೂ ಆಚೆ ಇದ್ದರೆ ಇಂಗ್ಲಿಷ್ ಅಲ್ಲಿಯವರೆಗೂ ಸುಮ್ಮನೆ ನಡೆಯುವುದಿಲ್ಲ, ಮೊದಲ ಎರಡು ಸಿಲಬಲ್‌ಗಳಲ್ಲಿ ಒಂದರ ಮೇಲೆ ಸಣ್ಣದೊಂದು ಒತ್ತು ಇಡುತ್ತದೆ. ˌಯೂ-ನಿ-ˈವರ್-ಸ-ಟಿ. ಯಾವುದರ ಮೇಲೆ ಎಂಬ ಪ್ರಶ್ನೆಗೆ ಉತ್ತರ ಆ ಪದ ಹುಟ್ಟಿದ ತಾಯಿಪದದಲ್ಲಿರುತ್ತದೆ. ರಿ-ˈಸ್ಪಾನ್-ಸ-ಬಲ್ ಇದ್ದದ್ದು ರಿ-ˌಸ್ಪಾನ್-ಸ-ˈಬಿ-ಲ-ಟಿ ಆದಾಗ ಹಳೆಯ ಒತ್ತು ಪೂರ್ತಿ ಅಳಿಯದೆ ಕೆಳದರ್ಜೆಗೆ ಇಳಿದು ಉಳಿದುಕೊಳ್ಳುತ್ತದೆ. ಕ-ˌಮ್ಯೂ-ನಿ-ˈಕೇ-ಷನ್‌ನಲ್ಲಿ ಮ್ಯೂ ಕೂಡ ಹಾಗೇ ಉಳಿದದ್ದು.

ಈಗ ಆಸ್ಪತ್ರೆಯ ಬೋರ್ಡಿನ ಗ್ಯಾಸ್ಟ್ರೋಎಂಟರಾಲಜಿ ತೆಗೆದುಕೊಳ್ಳಿ. ಏಳು ಸಿಲಬಲ್. ಬಾಲ -ಆಲಜಿ, ಅಂದರೆ ಕೊನೆಯಿಂದ ಮೂರನೆಯದು: ರಾ. ಅದಕ್ಕೆ ಮುಂಚೆ ನಾಲ್ಕು ಸಿಲಬಲ್ ಇವೆ, ಮೊದಲನೆಯದಕ್ಕೂ ಮೂರನೆಯದಕ್ಕೂ ಸಣ್ಣ ಒತ್ತು: ˌಗ್ಯಾಸ್-ಟ್ರೋ-ˌಎನ್-ಟ-ˈರಾ-ಲ-ಜಿ. ಒತ್ತು, ಬಿಡುವು, ಒತ್ತು, ಬಿಡುವು ಎಂಬ ನಡಿಗೆ ಸಿಕ್ಕಿತೆಂದರೆ ನಾಲಿಗೆ ತೊಡರುವುದಿಲ್ಲ. ಸಾಫ್ಟ್‌ವೇರ್‌ನವರು ಬರೆಯಲು ಬೇಸತ್ತು ಐ-18-ಎನ್ ಎಂದು ಮೊಟಕು ಮಾಡಿಕೊಂಡ ಇಂಟರ್‌ನ್ಯಾಷನಲೈಝೇಷನ್ (ಮೊದಲ ಮತ್ತು ಕೊನೆಯ ಅಕ್ಷರಗಳ ನಡುವೆ ಹದಿನೆಂಟು ಅಕ್ಷರ) ಕೂಡ ಇದೇ ರೀತಿ ಪಳಗುತ್ತದೆ: ˌಇನ್-ಟರ್-ˌನ್ಯಾ-ಷ-ನ-ಲೈ-ˈಝೇ-ಷನ್.

ಹೆಜ್ಜೆ 6: ಉಳಿದವನ್ನು ಸೊರಗಿಸಿ

ಇಷ್ಟು ಹೊತ್ತು ಒತ್ತು ಎಲ್ಲಿ ಎಂದು ಹುಡುಕಿದೆವು. ಕನ್ನಡಿಗರಿಗೆ ನಿಜವಾಗಿ ಕಷ್ಟವಾಗುವುದು ಒತ್ತಿಲ್ಲದ ಕಡೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಮಾತ್ರೆ ಇದೆ, ಅದನ್ನು ಕೊಟ್ಟೇ ಹೇಳುವುದು ಒಳ್ಳೆಯ ಉಚ್ಚಾರಣೆ ಎಂದು ನಮ್ಮನ್ನು ತಿದ್ದಿ ಬೆಳೆಸಿದ್ದಾರೆ. ಇಂಗ್ಲಿಷಿನಲ್ಲಿ ಒತ್ತು ಸಿಗದ ಸ್ವರ ಬಹುಮಟ್ಟಿಗೆ ತನ್ನ ಬಣ್ಣ ಕಳೆದುಕೊಂಡು, ಬಾಯಿ ಅರೆತೆರೆದು ಹೇಳುವ ಅಸ್ಪಷ್ಟ ಅಕಾರವಾಗುತ್ತದೆ. ಶ್ವಾ ಎಂದು ಅದರ ಹೆಸರು. ಸ್ಪೆಲಿಂಗ್‌ನಲ್ಲಿ ಯಾವ ಸ್ವರವಿದ್ದರೂ ಅದಕ್ಕೆ ಈ ಗತಿ ಬರಬಹುದು: ˈಪ್ರಾಬ್-ಲಮ್‌ನ ಇ, ಇ-ˈಕಾ-ನ-ಮಿಯ ಎರಡನೇ ಓ, ˈಇನ್-ಡಸ್-ಟ್ರಿಯ ಯು, ಎಲ್ಲಕ್ಕೂ ಒಂದೇ ಸದ್ದು.

ಒತ್ತಿರುವ ಸಿಲಬಲನ್ನು ಜೋರು ಮಾಡುವುದಕ್ಕಿಂತ ಉಳಿದವನ್ನು ಮೆತ್ತಗೆ ಮಾಡುವುದರಿಂದ ಹೆಚ್ಚು ಕೆಲಸವಾಗುತ್ತದೆ ಎಂಬುದು ನನ್ನ ಅನುಭವ. ಜೋರು ಮಾಡಲು ಹೋದವರು ಸ್ವರವನ್ನೇ ಎಳೆದುಬಿಡುತ್ತಾರೆ. ಬಲೆ, ಬಾಲೆ ಎಂದು ದೀರ್ಘದಿಂದಲೇ ಅರ್ಥ ಬದಲಾಗುವ ಭಾಷೆಯವರಾದ ನಮಗೆ ಒತ್ತು ಎಂದರೆ ದೀರ್ಘ ಎಂದೇ ತೋಚುತ್ತದೆ. ಡಿ-ವೇ-ಲಪ್ ಎಂದು ಎಳೆಯಬಾರದು. ಡಿ-ˈವೆ-ಲಪ್‌ನಲ್ಲಿ ವೆ ಹ್ರಸ್ವವಾಗಿಯೇ ಇರಲಿ, ಆ ಜಾಗದಲ್ಲಿ ದನಿಯ ಶ್ರುತಿ ಮಾತ್ರ ಒಂದಿಷ್ಟು ಮೇಲೇರಲಿ.

ಹೆಜ್ಜೆ 7: ಹಿಂದಿನಿಂದ ಕಟ್ಟುತ್ತಾ ಬನ್ನಿ

ಅಭ್ಯಾಸವನ್ನೂ ಬಾಲದಿಂದಲೇ ಶುರುಮಾಡಿ. ರೆಸ್ಪಾನ್ಸಿಬಿಲಿಟಿಗೆ ಹೀಗೆ: ಟಿ. ಲ-ಟಿ. ˈಬಿ-ಲ-ಟಿ. ಸ-ˈಬಿ-ಲ-ಟಿ. ˌಸ್ಪಾನ್-ಸ-ˈಬಿ-ಲ-ಟಿ. ರಿ-ˌಸ್ಪಾನ್-ಸ-ˈಬಿ-ಲ-ಟಿ. ಮುಂದಿನಿಂದ ಕಟ್ಟಿದರೆ ಮೊದಲ ಸಿಲಬಲ್‌ನಲ್ಲೇ ದಮ್ಮೆಲ್ಲ ಖರ್ಚಾಗಿ ಮುಖ್ಯ ಒತ್ತು ಬರುವ ಹೊತ್ತಿಗೆ ದನಿ ಇಳಿದಿರುತ್ತದೆ. ಹಿಂದಿನಿಂದ ಕಟ್ಟಿದರೆ ಪ್ರತಿ ಸಲವೂ ಒತ್ತಿನ ಜಾಗ ದಾಟಿಯೇ ಮುಗಿಸಬೇಕಾದ್ದರಿಂದ ಅದು ನಾಲಿಗೆಗೆ ಕೂರುತ್ತದೆ. ಆಮೇಲೆ ಪದವನ್ನು ಬಿಟ್ಟು ಅದರ ನಡೆಯನ್ನಷ್ಟೇ ಗುನುಗಿ: ದ-ದಾ-ದ-ದಾ-ದ-ದ. ಒಂದೇ ನಡೆಯ ಪದಗಳನ್ನು ಗುಂಪು ಹಾಕಿಕೊಂಡರೆ ಇನ್ನೂ ಚೆನ್ನ. ಇ-ˈಕಾ-ನ-ಮಿ, ಡಿ-ˈಮಾ-ಕ್ರ-ಸಿ, ಫ-ˈಟಾ-ಗ್ರ-ಫಿ ಮೂರಕ್ಕೂ ನಡೆ ಒಂದೇ.

ಪದ ಕೂತ ಮೇಲೆ ವಾಕ್ಯದೊಳಗೆ ಹಾಕಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ರೆಕಾರ್ಡ್ ಎಂಬುದೇ ಒಂದು ಒಳ್ಳೆಯ ಅಭ್ಯಾಸ: ನಾಮಪದವಾದರೆ ˈರೆ-ಕಾರ್ಡ್, ಕ್ರಿಯಾಪದವಾದರೆ ರಿ-ˈಕಾರ್ಡ್. ಪರ್ಮಿಟ್, ಇಂಪೋರ್ಟ್, ಆಬ್ಜೆಕ್ಟ್, ಪ್ರೆಸೆಂಟ್ ಕೂಡ ಇದೇ ಆಟ ಆಡುತ್ತವೆ.

ಹೆಜ್ಜೆ 8: ನಿಘಂಟಿನಲ್ಲಿ ತಾಳೆ ನೋಡಿ

ಆಕ್ಸ್‌ಫರ್ಡ್, ಕೇಂಬ್ರಿಜ್, ಮೆರಿಯಮ್-ವೆಬ್‌ಸ್ಟರ್ ಎಲ್ಲವೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ, ದನಿಯೂ ಕೇಳಿಸುತ್ತವೆ. ನೋಡಬೇಕಾದದ್ದು ಉಚ್ಚಾರಣೆಯ ಸಾಲನ್ನು. ಅಮೆರಿಕದ ನಿಘಂಟುಗಳಲ್ಲಿ ಪದದ ಸ್ಪೆಲಿಂಗ್ ನಡುವೆಯೇ ಚುಕ್ಕಿಗಳಿರುತ್ತವೆ, ಅವನ್ನೇ ಸಿಲಬಲ್ ಎಂದು ಎಣಿಸಲು ಹೋಗಬೇಡಿ. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಪದವನ್ನು ಎಲ್ಲಿ ಮುರಿಯಬಹುದು ಎಂದು ಅಚ್ಚಿನವರಿಗೆ ಹೇಳುವ ಗುರುತು ಅದು. ಮೂರು ಸಿಲಬಲ್‌ನ ಏರಿಯಾಕ್ಕೆ ಅಲ್ಲಿ ಒಂದೇ ಚುಕ್ಕಿ.

ಕೆಲವು ಪದಗಳಲ್ಲಿ ಬ್ರಿಟನ್ ಒಂದು ಕಡೆ, ಅಮೆರಿಕ ಇನ್ನೊಂದು ಕಡೆ. ಲ್ಯಾಬೊರೇಟರಿ ಬ್ರಿಟಿಷರಿಗೆ ಲ-ˈಬಾ-ರ-ಟ್ರಿ, ಅಮೆರಿಕನ್ನರಿಗೆ ˈಲ್ಯಾ-ಬ್ರ-ˌಟೋ-ರಿ. ಅಡ್ವರ್ಟೈಸ್‌ಮೆಂಟ್ ಬ್ರಿಟನ್ನಿನಲ್ಲಿ ಅಡ್-ˈವರ್-ಟಿಸ್-ಮಂಟ್, ಅಮೆರಿಕದಲ್ಲಿ ˌಆ್ಯಡ್-ವರ್-ˈಟೈಸ್-ಮಂಟ್. ಗರಾಜ್ ಬ್ರಿಟನ್ನಿನಲ್ಲಿ ˈಗ್ಯಾ-ರಾಜ್, ಅಮೆರಿಕದಲ್ಲಿ ಗ-ˈರಾಜ್. ನಿಮ್ಮ ಕ್ಲೈಂಟ್, ಪ್ರೊಫೆಸರ್ ಅಥವಾ ಪಕ್ಕದ ಮನೆಯವರು ಯಾವ ಕಡೆಯವರೋ ಆ ಕಡೆಯದನ್ನು ಹಿಡಿಯಿರಿ. ಬೆಂಗಳೂರಿನ ಆಫೀಸಿನಲ್ಲಿ ಕುಳಿತು ಬೆಳಿಗ್ಗೆ ಲಂಡನ್, ರಾತ್ರಿ ಚಿಕಾಗೊ ಎನ್ನುವವರು ಯಾವುದಾದರೂ ಒಂದನ್ನು ಇಟ್ಟುಕೊಂಡರೆ ಸಾಕು, ಎರಡೂ ಊರಿನವರಿಗೆ ಇನ್ನೊಬ್ಬರ ಉಚ್ಚಾರಣೆ ಕೇಳಿ ಅಭ್ಯಾಸವಿದೆ.